ಶೀತ ಅಂತ ಬರದವರ್‍ಯಾರು

ನಮ್ಮ ಅಂಗಡ್ಯಾಗ ಕುಂದರೂ ಸೆಲಿನ್ ಏನ್ ಕೆಲಸಾ ಮಾಡ್ತಾಳ ಅಂತ ಮುಂಡಗೋಡದ ಮಂದಿ ಕೇಳಿ ಕೇಳಿ ನನ್ನ ತಲಿ ತಿಂದಾರ. ಒಬ್ಬಾಂವ ಅಂತಾನ, ಆಕಿ ಫಾರಿನ್ ಮಂದಿ ಸಂಗಟ ಮಾತಾಡ್ತಾಳಂತ. ಇನ್ನೊಬ್ಬಾಂವ ಅಂತಾನ, ಹ್ಯಾಕಿಂಗ್ ಮಾಡ್ತಾಳಂತ. ಹೊಲದ ಉತಾರ ತಗಸಾಕ ಬಂದಾಂವ ಉತಾರ ತಗೊಂಡು ಸುಮ್ನ ಹೋಗಬೇಕೋ ಬ್ಯಾಡೋ? ಇಲ್ಲ, ಆಕಿ ಲ್ಯಾಪ್‌ಟಾಪ್ ಕಡೆ ಕುತ್ತಿಗಿ ಚಾಚತಾನ. ಹೇಳೇಬಿಡ್ತೇನಿ ಒಮ್ಮೆ, ಕೇಳಿ ಬಾಯಿ ಮುಚ್ಕೊಳ್ರಿ.

ನನ್ನ ಹೆಸರು ಅನ್ನಪೂರ್ಣಾ. ನಮ್ಮಪ್ಪ ಧಾರವಾಡ ಕಡೆಯಿಂದ ದಾಂಡೇಲಿ ಪೇಪರ್ ಮಿಲ್ಲಿಗೆ ದುಡಿಯಾಕ ಬಂದಾಂವ. ನಾ ಅಲ್ಲೇ ಹುಟ್ಟಿ ಬೆಳದು, ಮದಿವ್ಯಾಗಿ ಮುಂಡಗೋಡಕ್ಕ ಬಂದಾಕಿ. ಬಸ್ ಸ್ಟ್ಯಾಂಡ್ ಹತ್ರ ನಂದೊಂದು ಝೆರಾಕ್ಸ್, ಟೈಪಿಂಗ್, ಆನ್‌ಲೈನ್ ಅರ್ಜಿ ಅಂಗಡಿ ಐತಿ. ನನಗ ಸಿಟ್ಟ ಜಾಸ್ತಿ ಅಂತ ಊರಿಗೆಲ್ಲಾ ಗೊತ್ತು. ಇರಲಿ, ಸಿಟ್ಟ ಬರೂ ಮಾತನ್ನ ನಕ್ಕೋತ ಹೇಳಾಕ ನನಗ ಬರೂದಿಲ್ಲ.

ಸೆಲಿನ್ ಹಳಿಯಾಳ ತಾಲೂಕಿನ ಸಿದ್ದಿ ಹುಡುಗಿ, ಮುತ್ತಜ್ಜರ ಕಾಲಕ್ಕ ಆಫ್ರಿಕಾದಿಂದ ಬಂದವರ ಕುಲ. ಅವ್ವ ಅಪ್ಪ ಊರಾಗ ಹೊಲ, ಕೂಲಿ ಅಂತ ಅದಾರ. ಆಕಿನ್ನ ಡಿಪ್ಲೊಮಾ ತನಕ ಓದಿಸಿದಾಕಿ ಆಕಿ ಮಾವ್ಶಿ, ಅಂದ್ರ ಅವ್ವನ ತಂಗಿ, ಮಾಗ್ದಲೀನಾ. ಈ ಮಾಗ್ದಲೀನಾ ಬಾಯಿ ಇಲ್ಲೇ ಇಂದೂರ ಹಳ್ಳಿ ಹಾದ್ಯಾಗಿನ ಒಂದು ಹುಡುಗ್ಯಾರ ಹಾಸ್ಟೆಲ್‌ನ್ಯಾಗ ಅಡಿಗಿ ಮಾಡ್ತಾಳ. ಆ ಹಾಸ್ಟೆಲ್ ನಡಸೂ ಸಂಸ್ಥೆ ಹೆಸರ ನಾ ಹೇಳೂದಿಲ್ಲ, ಹೇಳಿದ್ರ ನನ್ನ ಬಾಯಿ ಹೊಲಸಾಗ್ತೈತಿ. ಗಂಡ ತೀರಿಹೋದ ಮ್ಯಾಲ ಆಕಿಗೆ ಅಡಿಗಿಮನಿನ ಸಂಸಾರ. ಹಾಸ್ಟೆಲ್ ಹಿತ್ತಲದಾಗ ಒಂದು ಖೋಲಿ ಕೊಟ್ಟಾರ. ಮಾವ್ಶಿ, ಸೆಲಿನ್ ಇಬ್ಬರೂ ಅಲ್ಲೇ ಇರ್ತಾರ. ಕೆಲಸಾ ಹೋತಂದ್ರ ತಲಿ ಮ್ಯಾಲಿನ ಸೂರೂ ಹೋತು.

ಈಗ ಸೆಲಿನ್ ಕೆಲಸಾ. ಮಧ್ಯಾಹ್ನದ ತನಕ ನನ್ನ ಅಂಗಡಿ ಕೆಲಸಾ ಮಾಡ್ತಾಳ, ಆಮ್ಯಾಲ ತನ್ನ ಲ್ಯಾಪ್‌ಟಾಪ್ ತಗೀತಾಳ. ಜಗತ್ತಿನ ತುಂಬ ಹರಡಿದ್ದು ಒಂದು ಜಾಲ ಐತಿ. ಅದಕ್ಕ ಮಾಲಕ ಇಲ್ಲ, ನಡಕ ಕುಂತು ಎಲ್ಲಾ ನೋಡೂ ದೊಡ್ಡ ಕಂಪ್ಯೂಟರ್ ಇಲ್ಲ. ಮಂದಿ ತಮ್ಮ ತಮ್ಮ ಮಷೀನ್ ಚಾಲೂ ಇಟ್ಟು ಒಬ್ಬರ ಸುದ್ದಿ ಇನ್ನೊಬ್ಬರಿಗೆ ದಾಟಸ್ತಾರ. ಯಾರು ಕಳಸಿದ್ರು, ಯಾರಿಗೆ ಮುಟ್ಟಿತು ಅನ್ನೂದು ನಡಕಿನವರಿಗೆ ತಿಳಿಯೂದಿಲ್ಲ. ಆ ದಾಟಸೂ ಸಾಫ್ಟ್‌ವೇರಿಗೆ ರೌಟರ್ ಅಂತಾರ. ಅದನ್ನ ಬರಿಯೂ ಮಂದ್ಯಾಗ ಸೆಲಿನ್ ಒಬ್ಬಾಕಿ.

ನನಗ ತಿಳೀಲಿಲ್ಲ ಅಂದಾಗ ಆಕಿ ಬಸ್ಸಿನ ಲೆಕ್ಕದಾಗ ತಿಳಿಸಿ ಹೇಳಿದ್ಳು. ಜೊಯಿಡಾದಾಗ ಒಬ್ಬಾಕಿ ಕಂಡಕ್ಟರ್ ಕೈಯಾಗ ಒಂದು ಗಂಟ ಕೊಡ್ತಾಳ ಅಂತ ಇಟ್ಕೊಳ್ರಿ. ಮ್ಯಾಲ ಬರದದ್ದು, ದಾಂಡೇಲಿ ಕಂಡಕ್ಟರಿಗೆ ಅಂತ, ಅಷ್ಟ. ದಾಂಡೇಲ್ಯಾಂವ ಬಿಚ್ಚಿದ್ರ ಒಳಗ ಇನ್ನೊಂದು ಗಂಟು, ಹಳಿಯಾಳ ಕಂಡಕ್ಟರಿಗೆ ಅಂತ. ಅಂವ ಬಿಚ್ಚಿದ್ರ ಮತ್ತೊಂದು, ಮುಂಡಗೋಡಕ್ಕ ಅಂತ. ಒಳಗ ಏನೈತಿ ಅನ್ನೂದು ಕಡೀ ಗಂಟ ಬಿಚ್ಚಿದಾಕಿಗಷ್ಟ ಗೊತ್ತು. ನಡಕಿನ ಯಾವ ಕಂಡಕ್ಟರನ್ನ ಹಿಡದು ಬಡದ್ರೂ ಅವಂಗ ಯಾರು ಕೊಟ್ರು, ಯಾರಿಗೆ ಕೊಡಬೇಕು, ಇಷ್ಟ ಗೊತ್ತಿರ್ತೈತಿ.

"ಅಂವ ಎಲ್ಲಾ ಗಂಟ ಬಿಚ್ಚಿ ಓದಿದ್ರ?" ಅಂತ ಕೇಳಿದೆ.

"ಓದಾಕ ಬರೂದಿಲ್ಲಕ್ಕಾ. ಬರಬಾರದು. ಅದಕ್ಕ ನಾವು ಹಂಗ ಕಟ್ಟೂದು" ಅಂದ್ಳು.

ಆಕಿ ಪಾಲಿನ ಕೆಲಸಾ ಸಣ್ಣ ಫೋನಿಂದು. ನಮ್ಮ ಕಡೆ ಸಿಗ್ನಲ್ ಹೆಂಗ ಅಂತ ನಿಮಗ ಗೊತ್ತೈತಿ, ದಾಂಡೇಲಿ ದಾಟಿ ಜೊಯಿಡಾ ಹಾದಿ ಹಿಡದ್ರ ಫೋನ್ ಅನ್ನೂದು ಬರೇ ಗಡಿಯಾರ. ಹಂಗ ಸಿಗ್ನಲ್ ಹೋದಾಗ ಕಟ್ಟಿದ ಹಾದಿ ತುಂಡಾಗ್ತೈತಿ. ಯಾವ ಫೋನ್ ಯಾವಾಗ ಸುಮ್ನಾತು, ಯಾವ ಸುದ್ದಿ ಯಾವಾಗ ನಿಂತಿತು ಅಂತ ಯಾರರ ಕಾಯ್ಕೋತ ಕುಂತ್ರ, ಕಳಸಿದಾಕಿ ಸಿಗತಾಳ. ಅದಕ್ಕ ರೌಟರ್ ಮೊದಲ ಬ್ಯಾರೆ ಬ್ಯಾರೆ ಹಾದಿ ಕಟ್ಟಿ ಇಟ್ಟಿರಬೇಕು. ಸುದ್ದಿ ಇಲ್ಲದಾಗೂ ಖಾಲಿ ಗಂಟ ಕಳಿಸ್ಕೋತ ಇರಬೇಕು. ಯಾವುದು ಖಾಲಿ, ಯಾವುದು ಖರೇ ಅಂತ ನೋಡಾವಂಗ ಗೊತ್ತಾಗಬಾರದು. ಇದನ್ನ ಸೆಲಿನ್ ಬರದಾಳ. ಎಲ್ಲೆಲ್ಲಿಯೋ ಕುಂತ ಮಂದಿ ಅದನ್ನ ಪರೀಕ್ಷಾ ಮಾಡಿ ಶಾಬ್ಬಾಸ್ ಅಂದಾರ. ಅವರು ಆಕಿ ಮಾರಿ ನೋಡಿಲ್ಲ, ಆಕಿ ಅವರ ಮಾರಿ ನೋಡಿಲ್ಲ.

ಪರೀಕ್ಷಾ ಮಾಡಾಕ ಆಕಿ ಹಳೇ ಫೋನ್ ನಾಲ್ಕೈದು ಚೀಲದಾಗ ಹಾಕ್ಕೊಂಡು ಬಸ್ ಹತ್ತತಾಳ. ಮುಂಡಗೋಡದಿಂದ ಹಳಿಯಾಳ, ದಾಂಡೇಲಿ, ಜೊಯಿಡಾ. ಎಲ್ಲಿ ಹಾದಿ ಹರೀತು, ಎಲ್ಲಿ ಮತ್ತ ಕೂಡ್ತು ಅಂತ ನೋಡ್ಕೋತ ಹೋಗೂದು, ಹಂಗ ವಾಪಸ್ ಬರೂದು. ಒಮ್ಮೆ ತೌರಿಗೆ ಹೊಂಟಿದ್ದೆ, ನಾನೂ ಜೋಡಿ ಇದ್ದೆ. ಬಾಜೂ ಸೀಟಿನಾಂವ ಆಕಿ ಚೀಲದಾಗ ಹಣಿಕಿ ಹಾಕಿ ಕಂಡಕ್ಟರನ್ನ ಕರದ. "ಇಕಿ ಕಡೆ ಇಷ್ಟ ಫೋನ್ ಎಲ್ಲಿಂದ ಬಂದ್ವು ಕೇಳ್ರಿ. ಯಾವ ದೇಶದಾಕಿ ಅಂತನೂ ಕೇಳ್ರಿ." ಸೆಲಿನ್ ಮೆತ್ತಗ, "ಹಳಿಯಾಳದಾಕಿ ರೀ, ಫೋನ್ ನನ್ನವ" ಅಂದ್ಳು. ಅಂವ ನಕ್ಕ. "ಅರೇ, ಕನ್ನಡ ಎಷ್ಟ ಚಂದ ಕಲ್ತಾಳ ನೋಡ್ರಿ" ಅಂದ.

ನನಗ ಅಡಿಯಿಂದ ಮುಡಿ ತನಕ ಉರೀತು. "ಅಪ್ಪಾ, ಆಕಿ ಕಲ್ತಿಲ್ಲ, ಹುಟ್ಟಿದಾಗಿಂದ ಆಡ್ಕೋತ ಬಂದಾಳ. ನೀ ಯಾವ ದೇಶದಾಂವ ಅದನ್ನ ಹೇಳು. ಹೆಣ್ಮಕ್ಕಳ ಚೀಲದಾಗ ಮಾರಿ ಹಾಕಾಕ ನಿಮ್ಮವ್ವ ಕಲಿಸ್ಯಾಳೇನು?" ಅಂದೆ. ಬಸ್ಸೆಲ್ಲಾ ನಮ್ಮನ್ನ ನೋಡ್ತು. ಸೆಲಿನ್ ನನ್ನ ಕೈ ಹಿಡದು ಕುಂದ್ರಸಿದ್ಳು.

"ಯಾಕ ತಡಕೋತಿ ನೀ?" ಅಂತ ಆಕಿಗೂ ಬೈದೆ.

"ದಿನಾ ಯಾರ್‍ಯಾರಿಗೆ ಹೇಳಲಿ ಅಕ್ಕಾ. ಬಸ್ಸಿನ್ಯಾಗ ನನ್ನಂಗ ನಾನೊಬ್ಬಾಕಿನ ಇರ್ತೇನಿ, ಅದಕ್ಕ ಎಲ್ಲಾರ ಕಣ್ಣಿಗೂ ಬೀಳ್ತೇನಿ. ಕಣ್ಣ ತಪ್ಪಸಬೇಕಂದ್ರ ನಮ್ಮಂಗ ಇನ್ನೂ ಮಂದಿ ಬೇಕು. ಜಾಲದಾಗೂ ಅದ ಲೆಕ್ಕ. ಗುಂಪಿಲ್ಲದ ಒಬ್ಬಾಕಿನ್ನ ಮುಚ್ಚಾಕ ಆಗೂದಿಲ್ಲ."

ಹೋದ ಮಳಿಗಾಲದಾಗ ಹಾಸ್ಟೆಲ್‌ಗೆ ಅಕ್ಕಿ ಹಾಕಾವ ಬದಲಾದ. ಹೊಸಬಾಂವ ಯಾರಂದ್ರ, ಅಲ್ಲಿ ಕಾರಕೂನ ಸೋಮಪ್ಪ ಅದಾನಲ್ಲ, ಅವನ ಷಡ್ಡಕ. ಬಂದ ಅಕ್ಕಿ ಮುಗ್ಗಿತ್ತು, ಹುಳ ಹಿಡದಿತ್ತು. ಕುದಿಯಾಕ ಇಟ್ರ ಅಡಿಗಿಮನ್ಯಾಗ ನಿಂದ್ರಾಕ ಆಗ್ತಿರಲಿಲ್ಲಂತ. ಸಣ್ಣ ಹುಡುಗ್ಯಾರು ಉಂಡದ್ದನ್ನ ಕಾರ್ಕೊಂಡ್ರು. ದೊಡ್ಡ ಅಡಿಗ್ಯಾಕಿ ಗುರುಬಸವ್ವ ಹೋಗಿ ಹೇಳಿದ್ರ ಸೋಮಪ್ಪ, ನಾಕ ನೀರ ಹೆಚ್ಚಿಗಿ ತೊಳೀರಿ ಅಂದ. ಮಾಗ್ದಲೀನಾ ಬಾಯಿ ಹೋಗಿ ಹೇಳಿದ್ರ, "ಅಡಿಗಿ ಮಾಡಾಕ ಇಟ್ಟೇವಿ, ನ್ಯಾಯಾ ಮಾಡಾಕಲ್ಲ. ಖೋಲಿ ಬಿಟ್ಟ ಹೋಗೂ ಮನಸೈತೇನು?" ಅಂದ. ಅವನ ಹೊಟ್ಟಿಗೆ ಮನಿ ಊಟ. ಅವಂಗೇನ್ರೀ ಹೋಗೂದು?

ಆಕಿ ಸೆಲಿನ್‌ಗೆ ಕೇಳಿದ್ಳು, "ಹೆಸರ ಗೊತ್ತಾಗಲಾರದಂಗ ಸಂಸ್ಥೆದವರ ಹುಬ್ಬಳ್ಳಿ ಆಫೀಸಿಗೆ ಬರಿಯಾಕ ಬರ್ತೈತೇನ?"

ಸೆಲಿನ್ ಮಾವ್ಶಿ ಫೋನಿಗೆ ತನ್ನ ಜಾಲ ಹಾಕಿಕೊಟ್ಟಳು. "ಯಾರಿಗೂ ಗೊತ್ತಾಗೂದಿಲ್ಲ ಮಾವ್ಶಿ. ಇದು ನಾ ಬರದದ್ದು" ಅಂತ ಮಾತ ಕೊಟ್ಟಳು. ಮಾವ್ಶಿ ಬರಿಯೂ ಮುಂದ ಆಕಿ ಮಾರಿ ಆ ಕಡೆ ಮಾಡಿ ಕುಂತಳಂತ. ಇನ್ನೊಬ್ಬರದು ಓದಬಾರದು, ಅದು ಆಕಿ ನೇಮ.

ಮಾಗ್ದಲೀನಾ ಬಾಯಿ ಕನ್ನಡ ಸಾಲಿ ಕಲ್ತಾಕಿ. ತನಗ ತಿಳದಂಗ ಬರದಳು: "ಹುಡುಗ್ಯಾರಿಗೆ ದಿನಾ ಕೆಟ್ಟ ಶೀತ. ಹೊಟ್ಟಿ ನೋವು, ವಾಂತಿ. ಸಣ್ಣವರು ತಡಕೊಳ್ಳೂದಿಲ್ಲ. ಬಂದು ನೋಡ್ರಿ."

ಹುಬ್ಬಳ್ಳಿಯಿಂದ ಏನ ಬಂತು ಗೊತ್ತೇನ್ರೀ? ನೆಗಡಿ ಗುಳಿಗಿ. ಒಂದು ಡಬ್ಬಿ ಗುಳಿಗಿ, ಕೆಮ್ಮಿನ ಔಷಧ, ಹುಡುಗ್ಯಾರು ಹಸೀ ತಲಿಲೆ ಮಲಗಬಾರದು ಅಂತ ಒಂದು ನೋಟಿಸು. ವಾಂತಿ ಅಂತ ಬರದದ್ದು ಅವರ ಕಣ್ಣಿಗೆ ಬೀಳಲಿಲ್ಲ. ನಾವು ನೆಗಡಿ ಅಂತೇವಿ, ಆಫೀಸಿನ ಮಂದಿ ಶೀತ ಅಂತಾರ. ಸಿದ್ದಿ ಮನ್ಯಾಗ, ಕೊಂಕಣಿ ಆಡೂ ಮನ್ಯಾಗ, ಶೀತ ಅಂದ್ರ ಕುದಿಸಿದ ಅನ್ನ. ಅನ್ನ ಕೆಟ್ಟೈತಿ ಅಂದ್ರ ಇವರು ಹುಡುಗ್ಯಾರ ಮೂಗ ಒರಸಾಕ ಬಂದ್ರು.

ಮಾಗ್ದಲೀನಾ ಬಾಯಿಗೂ ಸಿಟ್ಟ ಬಂತು. ಮತ್ತ ಬರದಳು: "ಶೀತಕ್ಕ ಗುಳಿಗಿ ಬ್ಯಾಡ, ಬ್ಯಾರೆ ಅಕ್ಕಿ ಕಳಸ್ರಿ. ಶೀತದಾಗ ಹುಳ ಅದಾವು."

ಆಗ ಹುಬ್ಬಳ್ಯಾಗ ಎಚ್ಚರಾತು. ಎಚ್ಚರಾತಂದ್ರ ಅಕ್ಕಿ ಬಗ್ಗೆ ಅಲ್ಲ. ಬರದವರ್‍ಯಾರು, ಸಂಸ್ಥೆ ಮರ್ಯಾದಿ ಕಳಿಯಾಕ ಹೊಂಟವರ್‍ಯಾರು ಅಂತ. ಕಂಪ್ಯೂಟರ್ ಬಲ್ಲವನ್ನ ಕರಸಿ ಮೇಲ್ ಎಲ್ಲಿಂದ ಬಂತು ಹುಡುಕಸಿದ್ರು. ಅಂವ ಯಾವ್ಯಾವುದೋ ದೇಶದ ಹೆಸರ ಹೇಳಿ ಕೈ ಚೆಲ್ಲಿದ. ಸೆಲಿನ್ ಬರದದ್ದು ಗಟ್ಟಿ ಇತ್ತು. ಆದ್ರ ಆ ಎರಡು ಮೇಲ್ ಸೋಮಪ್ಪನ ಕೈಗೆ ಬಂದ್ವು. ಅಂವ ಮೊದಲ ಜೊಯಿಡಾದಾಗ ನೌಕರಿ ಮಾಡಿದಾಂವ, ನಾಕ ಮಾತ ಕೊಂಕಣಿ ಬರ್ತೈತಿ. ಓದಿದ ಕೂಡ್ಲೆ ಹಲ್ಲ ಕಿಸದನಂತ. ಅಡಿಗಿಮನ್ಯಾಗ ಕೊಂಕಣಿ ಆಡಾಕಿ ಯಾರು? ಒಬ್ಬಾಕಿನ.

ಶುಕ್ರವಾರ ಹುಬ್ಬಳ್ಳಿ ಸಾಹೇಬ್ರು ವಿಚಾರಣಿಗೆ ಬರ್ತಾರ, ಅಲ್ಲಿ ತನಕ ಒಲಿ ಮುಟ್ಟಬ್ಯಾಡ, ನೀನ ಬರದೀ ಅಂತ ಗಟ್ಟಿ ಆದ್ರ ಅವತ್ತ ಸಂಜಿಕೆ ಖೋಲಿ ಖಾಲಿ ಮಾಡು. ಹಿಂಗ ಹೇಳಿದ ಸೋಮಪ್ಪ. ಆ ಅಕ್ಕಿ ಚೀಲಗೋಳು ಅಲ್ಲೇ ಅವನ ಬೆನ್ನ ಹಿಂದ ಇದ್ದುವು.

ಸೆಲಿನ್ ಅಂಗಡಿಗೆ ಬಂದು ಇದನ್ನ ಹೇಳಿದಾಗ ನಾ ಮೊದಲ ಆಕಿಗೇ ಹರಿಹಾಯ್ದೆ. "ಒಮ್ಮೆ, ಒಂದ ಒಮ್ಮೆ ಓದಿದ್ರ ನಿನ್ನ ಗಂಟೇನ ಹೋಗ್ತಿತ್ತು? ಶೀತ ತಗದು ಅನ್ನ ಅಂತ ಹಾಕಿದ್ರ ಮುಗೀತಿತ್ತು. ಜಗತ್ತಿನ ಮಂದಿನ್ನೆಲ್ಲಾ ಮುಚ್ಚಾಕಿ, ಮನ್ಯಾಗಿನ ಮಾವ್ಶಿನ್ನ ಬಟ್ಟಬಯಲಾಗ ನಿಂದ್ರಿಸಿದಿ."

ಆಕಿ ಹೊಳ್ಳಿ ಬೈಲಿಲ್ಲ. "ರೌಟರ್ ಹಾದಿ ಮುಚ್ಚತೈತಿ ಅಕ್ಕಾ, ಮಾತ ಮುಚ್ಚೂದಿಲ್ಲ. ಮಾವ್ಶಿ ಆಡೂ ಮಾತನ್ನ ನಾ ಹೆಂಗ ತಿದ್ದಲಿ? ನನ್ನ ಬಾಯಾಗೂ ಅದು ಶೀತನ. ಓದಿದ್ರೂ ನನಗ ಗೊತ್ತಾಗ್ತಿರಲಿಲ್ಲ" ಅಂದ್ಳು. ಅಂದು ಅತ್ತಳು. ಅಷ್ಟ ವರ್ಷದಾಗ ಆಕಿ ಅತ್ತದ್ದು ನಾ ಅವತ್ತ ನೋಡಿದ್ದು. ನನ್ನ ಸಿಟ್ಟ ಹಾದಿ ಬದಲಿಸಿ ಸೋಮಪ್ಪನ ಕಡೆ ಹೋತು, ಇನ್ನೂ ಅಲ್ಲೇ ಐತಿ.

ಶುಕ್ರವಾರ ನಸುಕಿನ್ಯಾಗ ಆ ಖೋಲಿಗೆ ಹೋದೆ. ಸೋಮಪ್ಪ ಸಾಹೇಬ್ರ ಮುಂದ ಒಂದು ಯುಕ್ತಿ ಮಾಡ್ಯಾನ ಅಂತ ಗುರುಬಸವ್ವ ಸುದ್ದಿ ಕೊಟ್ಟಿದ್ಳು. ಅನ್ನದ ತಾಟ ಮುಂದ ಇಟ್ಟು, ಇದಕ್ಕ ಏನಂತೀ ಅಂತ ಒಬ್ಬೊಬ್ಬರಿಗೇ ಕೇಳ್ತಾರಂತ. ಬಾಯಿ ತಪ್ಪಿ ಶೀತ ಅಂದಾಕಿ ಕಳ್ಳಿ. ಕಳ್ಳರನ್ನ ಹಿಡಿಯೂದು ಬಿಟ್ಟು ಮಾತ ಹಿಡಿಯಾಕ ಹೊಂಟಿದ್ದ, ಧೀರ.

"ಬಾಯಿ, ಏನಂತೀರಿ?" ಅಂತ ಕೇಳಿದೆ.

"ಶೀತ" ಅಂದ್ಳು ಮಾಗ್ದಲೀನಾ ಬಾಯಿ. ಅಂದು ನಾಲಿಗಿ ಕಚ್ಚಿಕೊಂಡಳು. "ಶೀತಕ್ಕ ಶೀತ ಅನ್ನಲಾರದ ಮತ್ತೇನಂತಾರ?"

"ಅನ್ನ ಅನ್ರಿ. ಮರತ್ರ ನನ್ನ ಮಾರಿ ನೋಡ್ರಿ. ನನ್ನ ಹೆಸರೇನು? ಅನ್ನಪೂರ್ಣಾ. ಅದರ ಮುಂದಿನ ತುಂಡ ಅಂದ್ರ ಸಾಕು."

ಆಕಿ ಅಂದ್ಳು. ಮತ್ತ ಅಂದ್ಳು. ಬಾಯಾಗ ಕಲ್ಲ ಇಟ್ಟಂಗ ಅನ್ನಾಕ ಹತ್ತಿದ್ಳು. ಸೆಲಿನ್ ಬಾಗಲಾಗ ನಿಂತು ಕೇಳಿದ್ಳು. ತನ್ನ ಅಡಿಗಿ ತಾ ಏನಂತ ಕರೀಬೇಕು ಅಂತ ಒಬ್ಬ ಹೆಣ್ಮಗಳಿಗೆ ಗಿಣಿಗೆ ಕಲಿಸಿದಂಗ ಕಲಿಸೂ ಹೊತ್ತಿನ್ಯಾಗ ನನಗ ಎಷ್ಟ ಹೊಟ್ಟಿ ಉರೀತು ಅಂದ್ರ, ಆ ಸೋಮಪ್ಪ ಎದುರಿಗಿದ್ರ ನನ್ನ ಕೈ ಸುಮ್ನಿರ್ತಿರಲಿಲ್ಲ.

ಹೇಳಿಕಿ ಟೈಪ್ ಮಾಡಾಕ ಯಾರನ್ನ ಕರದ್ರು ಗೊತ್ತೇನು? ನನ್ನ. ಊರಾಗ ನನ್ನಷ್ಟ ಜಲ್ದಿ ಕನ್ನಡ ಟೈಪ್ ಮಾಡಾಕಿ ಯಾರೂ ಇಲ್ಲ. ಊಟದ ಹಾಲಿನ್ಯಾಗ ಮೂಲ್ಯಾಗ ಟೇಬಲ್ ಹಾಕಿ ಕುಂತೆ. ಹುಡುಗ್ಯಾರು ಗ್ವಾಡಿಗುಂಟ ಸಾಲಾಗಿ ನಿಂತಿದ್ರು. ಸಾಹೇಬ್ರ ಮುಂದ ಒಂದು ತಾಟು, ತಾಟಿನ್ಯಾಗ ಅದ ಮುಗ್ಗಿದ ಅಕ್ಕಿದು, ಹಬಿ ಆಡೂದು. ನನ್ನ ಮೂಗಿಗೆ ಬಡೀತು. ಸಾಹೇಬ್ರ ಮೂಗಿಗೆ ಏನಾಗಿತ್ತೋ, ಅವರಿಗೇ ನೆಗಡಿ ಇರಬೇಕು.

ಮೊದಲ ಗುರುಬಸವ್ವನ್ನ ಕರದ್ರು. ಆಕಿ ಹಾನಗಲ್ ಕಡೇದಾಕಿ, ಕೊಂಕಣಿ ಗಂಧಗಾಳಿ ಇಲ್ಲ.

"ಇದಕ್ಕ ಏನಂತೀರಿ?"

"ಶೀತ ರೀ" ಅಂದ್ಳು ಗುರುಬಸವ್ವ.

ಸೋಮಪ್ಪ ಕುರ್ಚಿ ಬಿಟ್ಟ ಎದ್ದ. "ಸಾಹೇಬ್ರ, ಈಕಿ ಬೇಕಂತ ಹೇಳಾಕ ಹತ್ಯಾಳ. ಗೆಳತೆರು ಇವರು. ಹುಡುಗ್ಯಾರನ್ನ ಕೇಳ್ರಿ, ಅವರು ಸುಳ್ಳ ಹೇಳೂದಿಲ್ಲ."

ಕೇಳಿದ್ರು. ಚಿಗಳ್ಳಿ ಹುಡುಗಿ ಶಹನಾಜ ಮುಂದ ಬಂದ್ಳು. ತಾಟ ನೋಡಿದ್ಳು, ಮಾರಿ ಕಿವಿಚಿದ್ಳು. "ಶೀತ ರೀ."

"ನಿಮ್ಮ ಮನ್ಯಾಗೂ ಹಂಗ ಅಂತಾರೇನು?"

"ಮನ್ಯಾಗ ಖಾನಾ ಅಂತೇವಿ ರೀ. ಇಲ್ಲೆ ಎಲ್ಲಾರೂ ಶೀತ ಅಂತೇವಿ. ಬಾಯಾರು ದಿನಾ ಶೀತ ಹಾಕ್ಲೇನು ಅಂತ ಕೇಳ್ತಾರ, ನಾವು ಹಾಕ್ರಿ ಅಂತೇವಿ."

ಮುಂದಿನಾಕಿ ಶೀತ ಅಂದ್ಳು. ಅದರ ಮುಂದಿನಾಕಿ ಶೀತ ಅಂದ್ಳು. ಲಿಂಗಾಯತರ ಹುಡುಗಿ, ಮರಾಠಾ ಹುಡುಗಿ, ಲಂಬಾಣಿ ಹುಡುಗಿ. ಯಾರೂ ಕಲಿಸಿರಲಿಲ್ಲ, ಯಾರೂ ಮೊದಲ ಮಾತಾಡಿಕೊಂಡಿರಲಿಲ್ಲ. ಮಾಗ್ದಲೀನಾ ಬಾಯಿ ಕೈಲೆ ಉಂಡು ಉಂಡು ಆಕಿ ಮಾತ ಅವರ ಬಾಯಾಗ ಕುಂತಿತ್ತು. ಸೋಮಪ್ಪಗ ಅದು ಗೊತ್ತಿರಲಿಲ್ಲ, ಯಾಕಂದ್ರ ಅಂವ ಒಂದ ದಿನ ಹುಡುಗ್ಯಾರ ಪಂಕ್ತ್ಯಾಗ ಕುಂತಾಂವ ಅಲ್ಲ. ನಾ ಟೈಪ್ ಮಾಡಿದೆ, ಶೀತ, ಶೀತ, ಶೀತ.

ಕಡೀಕ ಮಾಗ್ದಲೀನಾ ಬಾಯಿ. ಹುಡುಗ್ಯಾರು ಏನಂದ್ರು ಅಂತ ಆಕಿಗೆ ಗೊತ್ತಿಲ್ಲ, ಆಕಿನ್ನ ಹೊರಗ ಕುಂದ್ರಿಸಿದ್ರು. ಬಂದು ತಾಟ ನೋಡಿದ್ಳು. ನನ್ನ ಮಾರಿ ನೋಡಿದ್ಳು. ಅನ್ನ ಅನಬ್ಯಾಡ ಅಂತ ನಾ ತಲಿ ಅಲ್ಲಾಡಿಸಿದೆ, ಮನಸ್ಸಿನ್ಯಾಗ ಹೇಳು ತಾಯಿ, ಶೀತ ಅಂತ ಹೇಳು ಅಂದೆ. ಆಕಿಗೆ ಅದು ಶೀತ ಬ್ಯಾಡ ಅಂದಂಗ ತಿಳೀತು.

"ಅನ್ನ" ಅಂದ್ಳು.

ಸಾಹೇಬ್ರು ನನ್ನ ಕಾಗದ ತಗೊಂಡು ಓದಿದ್ರು, ಸೋಮಪ್ಪನ್ನ ನೋಡಿದ್ರು. "ಶೀತ ಅಂದಾಕಿ ಬರದಾಳ ಅಂದ್ಯಲ್ಲ. ನಿನ್ನ ಲೆಕ್ಕದಾಗ ಇಡೀ ಹಾಸ್ಟೆಲ್ ಬರದಿರಬೇಕು, ಈಕಿ ಒಬ್ಬಾಕಿನ ಬರದಿಲ್ಲ."

ಅಷ್ಟೊತ್ತಿಗೆ ಗುರುಬಸವ್ವ ತಾಟ ಹಿಡದು ಸಾಹೇಬ್ರ ಮುಂದಕ್ಕ ದಬ್ಬಿದ್ಳು. "ಹೆಸರ ಕೇಳೂದಾತಲ್ಲರೀ. ಈಗ ಉಣ್ರಿ."

ಒಂದ ತುತ್ತ ಬಾಯಿಗೆ ಇಟ್ರು. ನುಂಗಾಕ ಆಗಲಿಲ್ಲ. ಹೊರಗ ಹೋಗಿ ಉಗಳಿ ಬಂದ್ರು. ಇಷ್ಟ ಆಗಬೇಕಿತ್ತು ನೋಡ್ರಿ, ಮೊದಲನೇ ದಿನನ ಇಷ್ಟ ಆಗಬೇಕಿತ್ತು. ಎರಡು ಮೇಲ್, ಗುಳಿಗಿ ಡಬ್ಬಿ, ನೋಟಿಸು, ಕಂಪ್ಯೂಟರ್ ಬಲ್ಲವ, ವಿಚಾರಣಿ. ಇಷ್ಟೆಲ್ಲಾ ಮಾಡಿದ್ರು, ಒಂದ ತುತ್ತ ಬಾಯಿಗೆ ಹಾಕಲಿಲ್ಲ. ಬರದವರ್‍ಯಾರು ಅಂತ ಕೇಳಿದವರು ನೂರು ಮಂದಿ, ಹುಡುಗ್ಯಾರು ಏನ ಉಂಡ್ರು ಅಂತ ಕೇಳಿದವರು ಒಬ್ಬರೂ ಇಲ್ಲ.

ಅಕ್ಕಿ ಬದಲಾತು. ಷಡ್ಡಕ ಹೋದ. ಮಾಗ್ದಲೀನಾ ಬಾಯಿಗೆ ಒಲಿ, ಖೋಲಿ ಉಳದ್ವು. ಸೋಮಪ್ಪನ್ನ ತಗೀಲಿಲ್ಲ, ಅಂಥವರನ್ನ ಎಲ್ಲಿ ತಗೀತಾರ್‍ರೀ? ದಿನಾ ಮಧ್ಯಾಹ್ನ ಹುಡುಗ್ಯಾರ ಪಂಕ್ತ್ಯಾಗ ಕುಂತು ಉಣಬೇಕು ಅಂತ ಹೇಳಿ ಬಿಟ್ರು. ಮಾಗ್ದಲೀನಾ ಬಾಯಿ ಮುಂದ ಯಾರೂ ತಪ್ಪಾತು ಅನಲಿಲ್ಲ.

ಅವತ್ತ ಸಂಜಿಕೆ ಖೋಲ್ಯಾಗ ನಾವೆಲ್ಲಾ ಖುಷಿಲೆ ಚಾ ಕುಡ್ಯಾಕ ಹತ್ತಿದ್ರ ಆಕಿ ಮಾತ್ರ ಗ್ವಾಡಿಗೆ ಆತು ಕುಂತಿದ್ಳು. "ಆ ಕೂಸುಗೋಳೆಲ್ಲಾ ನನ್ನ ಮಾತ ಅಂದ್ವು. ನಾನ ಅಂಜಿ ನುಂಗಿದೆ" ಅಂದ್ಳು. ನಾ ಚಾ ಕೆಳಗ ಇಟ್ಟೆ. ಸೆಲಿನ್ ಹೋಗಿ ಮಾವ್ಶಿ ಬಾಜೂ ಕುಂತಳು.

"ಇನ್ನ ಮ್ಯಾಲರ ಮಂದಿ ಬರದದ್ದನ್ನ ಓದ್ತೀಯೇನು?" ಅಂತ ಕೇಳಿದೆ ಆಕಿಗೆ.

"ಇಲ್ಲಕ್ಕಾ" ಅಂದ್ಳು. ಹಟಮಾರಿ. ಈಗಲೂ ಓದೂದಿಲ್ಲ.

ಸೋಮವಾರ ಹೇಳಿಕಿ ಕಾಗದದ ಝೆರಾಕ್ಸ್ ಕೊಡಾಕ ಹಾಸ್ಟೆಲ್‌ಗೆ ಹೋದೆ. ಊಟದ ಹೊತ್ತು. ಪಂಕ್ತಿ ಕಡೀಕ ಸೋಮಪ್ಪ ತಲಿ ತಗ್ಗಿಸಿ ತಾಟ ಮುಂದ ಇಟ್ಕೊಂಡು ಕುಂತಿದ್ದ. ಮಾಗ್ದಲೀನಾ ಬಾಯಿ ಹಾಕ್ಕೋತ ಹಾಕ್ಕೋತ ಬಂದು ಅವನ ಮುಂದ ನಿಂತಳು. ಸೌಟು ಕೈಯಾಗ ಮ್ಯಾಲ ಹಿಡದಿದ್ಳು.

"ಹಾಕ್ಲೇನು?" ಅಂದ್ಳು.

"ಹಾಕ್ರಿ."

"ಏನ ಹಾಕ್ಲಿ ರೀ?"

ಅಂವ ಮ್ಯಾಲ ನೋಡಿದ. ಹುಡುಗ್ಯಾರೆಲ್ಲಾ ಉಣ್ಣೂದ ಬಿಟ್ಟ ಕೇಳಾಕ ಹತ್ತಿದ್ರು. ಸೌಟು ಕೆಳಗ ಬರಲಿಲ್ಲ.

"ಶೀತ" ಅಂದ ಸೋಮಪ್ಪ.

"ಜೋರಾಗಿ ಹೇಳ್ರಿ, ನನಗ ಕೇಳಲಿಲ್ಲ" ಅಂದ್ಳು ಮಾಗ್ದಲೀನಾ ಬಾಯಿ.